ಏನೂ ಬರೆಯದ ಅಂಗಿಗೆ ಇಷ್ಟು ರೇಟ್ ಯಾಕೆ? ಲೋಗೋ ಬಟ್ಟೆ, ಲೋಗೋ ಇಲ್ಲದ ದುಬಾರಿ ಬಟ್ಟೆ, ಬಳ್ಳಾರಿಯ ಹೊಲಿಗೆ

ನಮ್ಮಕ್ಕನ ಮಗನಿಗೆ ಮದುವೆ ಗೊತ್ತಾಗಿದೆ. ಹುಡುಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ. ರಜೆಗೆ ಬಳ್ಳಾರಿಗೆ ಬಂದಾಗ ಫೋನ್ ಮುಂದೆ ಹಿಡಿದು ಒಂದು ಟಿ-ಶರ್ಟ್ ತೋರಿಸಿದ. ಬೂದು ಬಣ್ಣ. ಜೇಬಿಲ್ಲ, ಚಿತ್ರ ಇಲ್ಲ, ಅಕ್ಷರ ಇಲ್ಲ. ಬೆಲೆ ನೋಡಿದರೆ ಅದೇ ದುಡ್ಡಿಗೆ ಒಂದು ಹೊಲಿಗೆ ಮಷಿನ್ ಬರುತ್ತದೆ.

"ಮಾವ, ಇದ್ರ ಮ್ಯಾಲೆ ಏನೂ ಬರ್ದೇ ಇಲ್ಲಲ್ಲ, ಇಷ್ಟ್ಯಾಕ ರೇಟು?" ಅಂದ.

ಅವನ ಕೈಯಲ್ಲಿ ನಲವತ್ತು ಸಾವಿರ ಇದೆ. ನಿಶ್ಚಿತಾರ್ಥಕ್ಕೊಂದು, ರಿಸೆಪ್ಷನ್‌ಗೊಂದು, ಆಮೇಲೆ ಆಫೀಸಿಗೆ ಎರಡು ಮೂರು ಜೊತೆ ಬೇಕು. ದೊಡ್ಡ ಬಕಲ್ಲಿನ ಬೆಲ್ಟ್, ಎದೆ ಮೇಲೆ ಹೆಸರಿರುವ ಅಂಗಿ ತಗೊಳ್ಳಬೇಕಾ? ಈಗ ಎಲ್ಲರೂ ಹೇಳುವ ಹಾಗೆ ಲೋಗೋ ಇಲ್ಲದ ವಿದೇಶಿ ಮಾಲು ತಗೊಳ್ಳಬೇಕಾ? ಇಲ್ಲಾ ಊರಲ್ಲೇ ಹೊಲಿಸಬೇಕಾ? ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಲೇಬಲ್ ವಿಷಯದಲ್ಲಿ ನನಗೆ ಭಕ್ತಿ ಕಡಿಮೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆ ಕಳೆದದ್ದು ಚಿಕ್ಕಪ್ಪನ ಜೀನ್ಸ್ ಯೂನಿಟ್‌ನಲ್ಲಿ. ದಾರ ಕತ್ತರಿಸುವುದು, ಪೀಸ್ ಎಣಿಸುವುದು ನಮ್ಮಂಥ ಹುಡುಗರ ಕೆಲಸ. ಒಂದೇ ಬಟ್ಟೆ, ಒಂದೇ ಕಟಿಂಗ್, ಒಂದೇ ಲಾಟು. ಮೊದಲ ನೂರು ಪೀಸಿಗೆ ಆರ್ಡರ್ ಕೊಟ್ಟ ಒಬ್ಬ ವ್ಯಾಪಾರಿಯ ಹೆಸರು, ಮುಂದಿನ ನೂರಕ್ಕೆ ಇನ್ನೊಬ್ಬನದು. ಇಡೀ ಪ್ಯಾಂಟಿನಲ್ಲಿ ಅತಿ ಕಡಿಮೆ ಹೊತ್ತು ಹಿಡಿಯುತ್ತಿದ್ದ ಹೊಲಿಗೆ ಅಂದರೆ ಆ ಲೇಬಲ್ಲೇ. ಅದನ್ನು ಕಣ್ಣಾರೆ ಕಂಡವನಿಗೆ ಹೆಸರಿಗೆ ದುಡ್ಡು ಕೊಡೋದು ಕಷ್ಟ. ಆದರೆ ಹೆಸರಿಲ್ಲ ಅನ್ನುವುದಕ್ಕೇ ದುಡ್ಡು ಕೊಡೋದು ಇನ್ನೂ ಕಷ್ಟ, ಅಲ್ವಾ?

ಹೆಸರು ಹೊರಗೆ ಬಂದದ್ದು ಹೇಗೆ

ಲೋಗೋ ಹುಟ್ಟಿದ್ದು ಬರೀ ಜಂಬಕ್ಕಲ್ಲ. ಫ್ರಾನ್ಸಿನ ಲೂಯಿ ವಿಟಾನ್ ಕಂಪನಿಯ ಅಕ್ಷರ-ಹೂವಿನ ವಿನ್ಯಾಸ ಬಂದದ್ದು 1896ರಲ್ಲಿ. ಅವರ ಪೆಟ್ಟಿಗೆಗಳನ್ನು ಬೇರೆಯವರು ನಕಲು ಮಾಡುತ್ತಿದ್ದರು, ಅದನ್ನು ತಡೆಯಲು ಮಗ ಜಾರ್ಜ್ ವಿಟಾನ್ ಮಾಡಿದ ಉಪಾಯ ಅದು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ವಿನ್ಯಾಸಗಳಲ್ಲಿ ಅದೂ ಒಂದು! ಲೀವೈಸ್ ಪ್ಯಾಂಟಿನ ಹಿಂದಿನ ಜೇಬಿನ ಕೆಂಪು ಪಟ್ಟಿ 1936ರದ್ದು. ನೀಲಿ ಜೀನ್ಸ್ ಎಲ್ಲಾ ಒಂದೇ ಥರ ಕಾಣುತ್ತಿತ್ತು, ದೂರದಿಂದಲೇ ತಮ್ಮದು ಗೊತ್ತಾಗಲಿ ಅಂತ ಹಾಕಿದರು. ಬ್ರಿಟನ್ನಿನ ಬರ್ಬೆರಿ ಕಂಪನಿಯ ಚೌಕುಳಿ ಕಥೆ ನನಗೆ ಇಷ್ಟ. 1920ರ ದಶಕದಲ್ಲಿ ಅದು ಕೋಟಿನ ಒಳಗಿನ ಅಸ್ತರಿನ ಬಟ್ಟೆ. ಹಾಕಿಕೊಂಡವನಿಗೆ ಮಾತ್ರ ಕಾಣುತ್ತಿತ್ತು. 1960ರ ದಶಕದ ನಂತರ ಛತ್ರಿ, ಶಾಲು ಅಂತ ಹೊರಗೆ ಬಂತು.

ನಮ್ಮ ಊರಿಗೂ ಇಂಥದೇ ಒಂದು ಕಾಲ ಬಂದಿತ್ತು. ಅದಿರಿನ ದುಡ್ಡು ಹರಿದ ವರ್ಷಗಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೂ ನಮ್ಮೂರಿನ ಬೆಂಗಳೂರು ರೋಡಿನಲ್ಲಿ ಯಾರ ಹೊಟ್ಟೆ ಮೇಲೆ ನೋಡಿದರೂ ದೊಡ್ಡ ದೊಡ್ಡ ಅಕ್ಷರದ ಬಕಲ್. ಅಸಲಿ ಹಾಕಿದವರು ಹತ್ತು ಜನ ಇದ್ದರೆ, ಆರು ತಿಂಗಳಲ್ಲಿ ನಕಲಿ ಹಾಕಿದವರು ಸಾವಿರ. ಆಗ ಆ ಹತ್ತು ಜನ ಏನು ಮಾಡಬೇಕು? ಬಕಲ್ ಬಿಚ್ಚಿಡಬೇಕು. ಲೋಗೋ ಇಲ್ಲದ ಐಷಾರಾಮದ ಆಕರ್ಷಣೆಯಲ್ಲಿ ಅರ್ಧ ಗುಟ್ಟು ಇಷ್ಟೇ. ನಕಲು ಮಾಡುವವನಿಗೆ ಅಕ್ಷರ ಸುಲಭ, ಬಟ್ಟೆ ಕಷ್ಟ.

2010ರಲ್ಲಿ ಜರ್ನಲ್ ಆಫ್ ಮಾರ್ಕೆಟಿಂಗ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಗುಚ್ಚಿ ಮತ್ತು ಲೂಯಿ ವಿಟಾನ್ ಬ್ಯಾಗುಗಳ ಬೆಲೆ ನೋಡಿತ್ತು. ಒಂದೇ ಕಂಪನಿಯ ಒಳಗೇ, ಹೆಸರು ಎದ್ದು ಕಾಣುವ ಬ್ಯಾಗಿಗೆ ಸರಾಸರಿ ಬೆಲೆ ಕಡಿಮೆ, ಹೆಸರು ಮರೆಯಾದಷ್ಟೂ ಜಾಸ್ತಿ. ಅಂದರೆ ಕೂಗುವ ಮಾಲು ಮೊದಲ ಮೆಟ್ಟಿಲು, ಸುಮ್ಮನಿರುವ ಮಾಲು ಮೇಲಿನ ಮೆಟ್ಟಿಲು. ಇದು ಅಂಗಡಿಯವರಿಗೂ ಚೆನ್ನಾಗಿ ಗೊತ್ತು.

'ಲೋಗೋ ಇಲ್ಲ' ಅಂದರೆ ಎರಡು ಬೇರೆ ಮಾತು

ಎಲ್ಲರೂ ಇಲ್ಲೇ ಎಡವುತ್ತಾರೆ. ಹೆಸರಿಲ್ಲದ ಮಾಲಿನಲ್ಲಿ ಎರಡು ಜಾತಿ ಇದೆ.

ಒಂದರಲ್ಲಿ ಹೆಸರಿಲ್ಲ, ಆದರೆ ಗುರುತು ಇದೆ. ಇಟಲಿಯ ಬೊಟ್ಟೆಗಾ ವೆನೆಟಾ 1966ರಲ್ಲಿ ಶುರುವಾದ ಚರ್ಮದ ಕಂಪನಿ. ಚರ್ಮವನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಚಾಪೆ ಹೆಣೆದ ಹಾಗೆ ಹೆಣೆಯುತ್ತಾರೆ. ಬ್ಯಾಗಿನ ಹೊರಗೆ ಹೆಸರು ಹಾಕುವುದಿಲ್ಲ. ನಿಮ್ಮ ಹೆಸರಿನ ಅಕ್ಷರಗಳೇ ಸಾಕು ಅನ್ನುವ ಅರ್ಥದ ಜಾಹೀರಾತು ಮಾಡಿದ್ದ ಕಂಪನಿ ಅದು. ಆದರೆ ಗೊತ್ತಿದ್ದವರು ಆ ಹೆಣಿಗೆಯನ್ನು ದೂರದಿಂದಲೇ ಓದುತ್ತಾರೆ.

ಇದರಲ್ಲಿ ನಮಗೆ ಹೊಸದೇನೂ ಇಲ್ಲ. ನಮ್ಮವ್ವ ಬಸ್ ಸ್ಟ್ಯಾಂಡಿನಲ್ಲಿ ಕೂತು, ಎದುರು ಪ್ಲಾಟ್‌ಫಾರ್ಮಿನ ಹೆಣ್ಣುಮಗಳ ಸೆರಗು ನೋಡಿ "ಇಳಕಲ್, ಕೈಮಗ್ಗದ್ದು" ಅನ್ನುತ್ತಿದ್ದಳು. ಕೆಂಪು ಸೆರಗಿನ ಬಿಳಿ ತೆನೆ, ಅಂಚಿನಲ್ಲಿ ಚಿಕ್ಕಿ ಪರಾಸು, ಗೋಮಿ, ಗಾಡಿ ಅನ್ನುವ ವಿನ್ಯಾಸಗಳು. ಅದೇ ಸಹಿ. ಯಾರ ಹೆಸರೂ ಬೇಡ.

ಇನ್ನೊಂದು ಜಾತಿಯಲ್ಲಿ ಗುರುತೂ ಇಲ್ಲ. ಮುಟ್ಟಿದವರಿಗೆ ಮಾತ್ರ ತಿಳಿಯುತ್ತದೆ. 1924ರಿಂದ ಇರುವ ಲೋರೋ ಪಿಯಾನ, 1978ರಲ್ಲಿ ಶುರುವಾದ ಬ್ರುನೆಲ್ಲೊ ಕುಚಿನೆಲ್ಲಿ, ಎರಡೂ ಇಟಲಿಯ ಕಂಪನಿಗಳು, ಈ ಸಾಲಿನವು. ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ದಿನಾ ಹಾಕುತ್ತಿದ್ದ ಬೂದು ಟಿ-ಶರ್ಟ್ ಕುಚಿನೆಲ್ಲಿಯದು ಅಂತ ಪತ್ರಿಕೆಗಳಲ್ಲಿ ಬಂದಮೇಲೇ ನಮ್ಮ ಹುಡುಗನಂಥವರಿಗೆ ಈ ಹುಚ್ಚು ಹತ್ತಿದ್ದು. ಲೋರೋ ಪಿಯಾನದ ಹೆಸರು ಮುಖ್ಯವಾಗಿ ನೂಲಿನಿಂದ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ವಿಕುನ್ಯಾ ಅನ್ನುವ ಪ್ರಾಣಿಯ ಉಣ್ಣೆಯ ಎಳೆ 12–13 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಎರಡು ವರ್ಷಕ್ಕೊಮ್ಮೆ ಕತ್ತರಿಸಿದರೆ ಒಂದು ಪ್ರಾಣಿಯಿಂದ ಸುಮಾರು 250 ಗ್ರಾಂ ಸಿಗುತ್ತದೆ. ಆ ಬೆಲೆಗೆ ಒಂದು ಕಾರಣವಾದರೂ ಇದೆ.

ಆದರೆ ಬಳ್ಳಾರಿಯ ಏಪ್ರಿಲ್‌ಗೆ ಉಣ್ಣೆ ಕೊಳ್ಳುತ್ತೀರಾ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಲೋಗೋ ಇಲ್ಲ ಅಂದರೆ ಬಣ್ಣವೂ ಇರಬಾರದು ಅಂತ ಯಾರು ಹೇಳಿದರೋ ಗೊತ್ತಿಲ್ಲ. ಸಂಡೂರಿನ ಲಂಬಾಣಿ ಕಸೂತಿ ನೋಡಿ. ಕನ್ನಡಿ, ಕವಡೆ, ಕೆಂಪು, ಹಳದಿ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯಲ್ಲಿ ಸಂಡೂರು ಕುಶಲ ಕಲಾ ಕೇಂದ್ರದವರ 1,755 ಲಂಬಾಣಿ ಕಸೂತಿ ತುಣುಕುಗಳು ಗಿನ್ನೆಸ್ ದಾಖಲೆ ಸೇರಿದವು. ಅದು ಮೌನದ ಬಟ್ಟೆ ಅಲ್ಲವೇ ಅಲ್ಲ, ಆದರೂ ಅದರಲ್ಲಿ ಒಂದೂ ಲೋಗೋ ಇಲ್ಲ. ಫೋಟೋಗಳಲ್ಲಿ ಕಾಣುವ ಕೆನೆ ಬಣ್ಣ, ಗೋಧಿ ಬಣ್ಣ ನಮ್ಮ ಕಡೆ ಒಂದು ದಿನವೂ ಬಾಳುವುದಿಲ್ಲ. ಕೆನೆ ಬಣ್ಣದ ಲಿನನ್ ಪ್ಯಾಂಟ್ ಹಾಕಿಕೊಂಡು ತೋರಣಗಲ್ಲಿನ ತನಕ ಬೈಕಿನಲ್ಲಿ ಹೋಗಿ ಬನ್ನಿ, ಅದಿರಿನ ಧೂಳು ಹೊಸ ಬಣ್ಣ ಹಾಕಿಕೊಡುತ್ತದೆ.

ಯಾವುದು ಯಾರಿಗೆ

ಲೋಗೋ ಮಾಲನ್ನು ಪೂರ್ತಿ ತೆಗಳುವುದು ಸರಿಯಲ್ಲ. ಅದಕ್ಕೆ ಮೂರು ಲಾಭ ಇವೆ. ಕೊಟ್ಟ ದುಡ್ಡು ಎದುರಿನವರಿಗೆ ತಕ್ಷಣ ಕಾಣುತ್ತದೆ. ಹೊಸ ಊರಿನಲ್ಲಿ ವ್ಯಾಪಾರ ಶುರು ಮಾಡಿದವನಿಗೆ, ಯಾರೂ ಗುರುತು ಹಿಡಿಯದ ಜಾಗದಲ್ಲಿ, ಅದು ಕೆಲಸಕ್ಕೆ ಬರುತ್ತದೆ. ಎರಡನೆಯದು, ಹೆಸರಾಂತ ಬ್ಯಾಗು, ವಾಚು ಅಸಲಿಯಾಗಿದ್ದು ಬಿಲ್ ಇದ್ದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಬೆಲೆ ಬರುತ್ತದೆ. ಹೆಸರಿಲ್ಲದ ಎಂಬತ್ತು ಸಾವಿರದ ಸ್ವೆಟರನ್ನು ಯಾರಿಗೆ ಮಾರುತ್ತೀರಿ? ಮೂರನೆಯದು ಉಡುಗೊರೆ. ಬೀಗರಿಗೆ ಕೊಡುವಾಗ "ಇದು ಯಾಕೆ ದುಬಾರಿ ಗೊತ್ತಾ" ಅಂತ ವಿವರಿಸುತ್ತಾ ನಿಲ್ಲಲು ಆಗುವುದಿಲ್ಲ.

ವಿದೇಶಿ ಮೌನದ ಮಾಲು ಯಾರಿಗೆ? ಅದನ್ನು ಓದಬಲ್ಲವರ ನಡುವೆ ದಿನಾ ಓಡಾಡುವವರಿಗೆ. ಇಲ್ಲವೇ ಯಾರು ನೋಡಿದರೂ ಬಿಟ್ಟರೂ ಚಿಂತೆ ಇಲ್ಲ, ಮೈಗೆ ಹಿತವಾದರೆ ಸಾಕು ಅನ್ನುವ ದುಡ್ಡಿದ್ದವರಿಗೆ. ಸಂಬಳದವರು ಇಎಂಐ ಹಾಕಿ ಅದನ್ನು ತಗೊಳ್ಳುವುದು ನನ್ನ ಪ್ರಕಾರ ಶುದ್ಧ ತಪ್ಪು. ತೋರಿಸಿಕೊಳ್ಳಲು ಕೊಂಡರೆ ಯಾರಿಗೂ ಕಾಣುವುದಿಲ್ಲ. ಬಾಳಿಕೆಗೆ ಕೊಂಡರೆ, ಅಷ್ಟು ನಯವಾದ ನೂಲು ನಮ್ಮ ಬೋರ್‌ವೆಲ್ ನೀರಿಗೆ ಬಾಳುವುದಿಲ್ಲ.

ಇನ್ನೊಂದು ಅಪಾಯ ಇದೆ. ಈಗ 'ಪ್ಲೇನ್' ಅನ್ನುವುದೇ ಒಂದು ಲೋಗೋ ಆಗಿದೆ. ನಮ್ಮ ಹುಡುಗ ಆರು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ 2,800 ರೂಪಾಯಿ ಕೊಟ್ಟು, 'ಎಕ್ಸ್‌ಪೋರ್ಟ್ ಮಾಲು, ಲೋಗೋ ಇಲ್ಲ' ಅಂತ ಹೇಳಿಸಿಕೊಂಡು ಒಂದು ಕಾಲರ್ ಟಿ-ಶರ್ಟ್ ತಂದಿದ್ದ. ಮೂರು ಸಲ ಒಗೆದಮೇಲೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆ ಮೇಲೆ ಬಂತು. ಜಾಸ್ತಿ ತಿರುಚಿದ ಒಂಟಿ ಎಳೆ ನೂಲಿನಲ್ಲಿ ಹೆಣೆದು, ಬಟ್ಟೆಯನ್ನು ಸಡಿಲವಾಗಿ ಹರಡಿ ಬಿಡದೆ ಹಾಗೇ ಕತ್ತರಿಸಿದರೆ ಹೀಗೆ ಆಗುತ್ತದೆ. ಹೆಸರು ಇಲ್ಲದ್ದರಿಂದ ದೂರು ಹೇಳಲೂ ಜಾಗ ಇಲ್ಲ. ಅಂಗಡಿಯವನು "ಕಂಪನಿಗೆ ಕೇಳ್ರಿ" ಅಂದ. ಯಾವ ಕಂಪನಿ?

ಊರಿನ ಮಾಲು: ಇಲ್ಲಿ ಆಯ್ಕೆ ಜಾಸ್ತಿ

ಅಂಗಿಯಿಂದ ಶುರು ಮಾಡೋಣ. ಮೀಟರ್ ಬಟ್ಟೆ ತಂದು ಹೊಲಿಸುವವನು ಒಂದು ರೀತಿ ಹುಟ್ಟಾ ಲೋಗೋ ವಿರೋಧಿ. 58 ಇಂಚು ಅಗಲದ ಬಟ್ಟೆಯಾದರೆ ಪೂರ್ತಿ ತೋಳಿನ ಅಂಗಿಗೆ 1.6 ಮೀಟರ್ ಸಾಕು, 36 ಇಂಚಿನದಾದರೆ ಎರಡೂಕಾಲು ಬೇಕು. ಬಟ್ಟೆ ಕೇಳುವಾಗ ಕೌಂಟ್ ಕೇಳಿ, ಅದು ನೂಲು ಎಷ್ಟು ಸಣ್ಣ ಅನ್ನುವ ಅಳತೆ. ಸಂಖ್ಯೆ ಹೆಚ್ಚಾದಷ್ಟೂ ನೂಲು ಸಣ್ಣ. 40 ದಪ್ಪ, 100 ನಯ. ನಮ್ಮ ಬಿಸಿಲು, ಬೆವರು, ಬ್ರಷ್ಷಿನ ಒಗೆತಕ್ಕೆ 60ರಿಂದ 80 ಸರಿ. 140 ಅಂತ ಹೇಳಿ ಮಾರುವುದನ್ನು ಎಸಿ ರೂಮಿನವರಿಗೆ ಬಿಡಿ. ಎರಡೆಳೆ ನೂಲಿನದು ಸಿಕ್ಕರೆ ಬಾಳಿಕೆ ಜಾಸ್ತಿ. ಲಿನನ್ ಆದರೆ ಹೊಲಿಸುವ ಮುಂಚೆ ರಾತ್ರಿ ನೀರಲ್ಲಿ ನೆನೆಸಿಡಿ, ಇಲ್ಲಾಂದರೆ ಮೊದಲ ಒಗೆತಕ್ಕೇ ತೋಳು ಗಿಡ್ಡ. 'ಲಿನನ್ ಫೀಲ್', 'ಲಿನನ್ ಲುಕ್' ಅಂತ ಬರೆದಿದ್ದರೆ ಅದು ಲಿನನ್ ಅಲ್ಲ ಅಂತಲೇ ಅರ್ಥ. ಮುಷ್ಟಿಯಲ್ಲಿ ಹಿಡಿದು ಬಿಡಿ. ಮುದುಡದೆ ಹಾಗೇ ನಿಂತರೆ ಪಾಲಿಯೆಸ್ಟರ್ ಸೇರಿದೆ.

ಟೈಲರ್ ಹತ್ತಿರ ಕಾಲರ್ ಗಟ್ಟಿ ನಿಲ್ಲಲು ಒಳಗೆ ಹಾಕುವ ಒಳ್ಳೆ ಬಕ್ರಂ, ಬಟ್ಟೆಯ ತುದಿಗೆ ಬರೀ ಓವರ್‌ಲಾಕ್ ಬದಲು ಮಡಚಿ ಹೊಲಿಗೆ, ಪಕ್ಕದಲ್ಲಿ ಒಂದಿಂಚು ಮಾರ್ಜಿನ್ ಕೇಳಿ. ಮದುವೆಯಾದ ವರ್ಷದೊಳಗೆ ಆ ಮಾರ್ಜಿನ್ ಬೇಕಾಗುತ್ತದೆ! ಗೀರು ಬಟ್ಟೆಯಾದರೆ ಜೇಬಿನ ಗೀರು ಅಂಗಿಯ ಗೀರಿಗೆ ಕೂಡಬೇಕು. ಇದೇ ಕೂಡಿಕೆಗೆ ಲೋಗೋ ಇಲ್ಲದ ದೊಡ್ಡ ಕಂಪನಿಗಳು ದುಡ್ಡು ತಗೊಳ್ಳುವುದು. ನಮ್ಮ ಹುಡುಗ ಅತಿ ಬುದ್ಧಿವಂತಿಕೆ ಮಾಡಿ, ಕಾಲರ್ ಒಳಗಿನ ಟೈಲರ್ ಲೇಬಲ್ಲೂ ಬೇಡ ಅಂದ. ಟೈಲರ್ ಕತ್ತರಿ ಕೆಳಗಿಟ್ಟು, "ಅದಿರ್ಲಿ ಬಿಡಪ. ಗುಂಡಿ ಉದುರಿದ್ರ ಯಾರನ್ನ ಬೈಬೇಕಂತ ಗೊತ್ತಾಗ್ಬೇಕಲ್ಲ" ಅಂದರು.

ಜೀನ್ಸ್ ವಿಷಯಕ್ಕೆ ಬಂದರೆ, ಅದನ್ನು ಹೊಲಿಯುವ ಊರಾದ ಬಳ್ಳಾರಿಯವರು ಬೇರೆ ಕಡೆ ಕೊಳ್ಳುವುದೇ ನಗೆಪಾಟಲು. ಹಾಗಂತ ಇಲ್ಲಿಯದೆಲ್ಲಾ ಒಳ್ಳೆಯದು ಅಂತಲೂ ಅಲ್ಲ. ಔನ್ಸ್ ಕೇಳಿ, ಅದು ಬಟ್ಟೆಯ ತೂಕ. 12–14 ಔನ್ಸ್ ಗಟ್ಟಿ, ಆದರೆ ನಮ್ಮ ಸೆಕೆಗೆ ಶಿಕ್ಷೆ. 8–10 ಹಿತ. ಪ್ಯಾಂಟನ್ನು ತಿರುವಿ ಒಳಗೆ ನೋಡಿ. ಡೆನಿಮ್‌ನಲ್ಲಿ ಹಾಸು (ಉದ್ದದ) ನೂಲು ನೀಲಿ, ಹೊಕ್ಕು (ಅಡ್ಡದ) ನೂಲು ಬಿಳಿ, ಹಾಗಾಗಿ ಒಳಮೈ ಬಿಳುಚಿರಬೇಕು. ಒಳಗಾಲಿನ ಹೊಲಿಗೆ ಎರಡು ಸಾಲು ಇದೆಯಾ, ಜೇಬಿನ ಬಟ್ಟೆ ಗಟ್ಟಿ ಇದೆಯಾ ಅಂತ ಕೈಹಾಕಿ ನೋಡಿ. ಖರ್ಚು ಉಳಿಸುವವರು ಮೊದಲು ಕೈಯಿಡುವುದು ಜೇಬಿನ ಬಟ್ಟೆಗೇ. ಹಿಂದಿನ ಪ್ಯಾಚ್ ಮೇಲೆ ಯಾವುದೋ ಇಂಗ್ಲಿಷ್ ಹೆಸರಿದ್ದರೆ ಬಿಚ್ಚಿಸಿ ಎಸೆಯಿರಿ, ಐದು ನಿಮಿಷದ ಕೆಲಸ. ಆದರೆ ದೊಡ್ಡ ಕಂಪನಿಯ ಹೆಸರನ್ನೇ ನಕಲು ಹೊಡೆದ ಪೀಸ್ ಬೇಡ. ಅದನ್ನು ಹೊಲಿದವನಿಗೂ ತನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತಾಯಿತು.

ಸೀರೆಯಲ್ಲಿ ಹೋಲಿಕೆ ಇನ್ನೂ ಸೂಕ್ಷ್ಮ. ಇಳಕಲ್ ಊರು ಬಾಗಲಕೋಟೆ ಜಿಲ್ಲೆಯದಾದರೂ, ಆ ಸೀರೆ ನೇಯುವ ಮಗ್ಗಗಳು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲೂಕಿನ ದೋಟಿಹಾಳ, ಹನುಮಸಾಗರದ ಕಡೆಯೂ ಇವೆ. ಅಸಲಿ ಇಳಕಲ್‌ನಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸೆರಗು ಶುರುವಾಗುವ ಜಾಗವನ್ನು ತಿರುವಿ ಹಿಡಿದರೆ ಆ ಕೂಡಿಕೆ ಬೆರಳಿಗೆ ಸಿಗುತ್ತದೆ. ಅಲ್ಲಿ ಏನೂ ಸಿಗದೆ ನುಣ್ಣಗಿದ್ದರೆ ಕೈಮಗ್ಗದ ಬೆಲೆ ಕೊಡಬೇಡಿ. ರೇಷ್ಮೆ ಅಂದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ, ಕೈಮಗ್ಗ ಅಂದರೆ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಕೇಳಿ. ಅಂಚಿನಿಂದ ಒಂದೆಳೆ ತೆಗೆದು ಸುಟ್ಟರೆ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಜ್ಜಿದರೆ ಪುಡಿಯಾಗುತ್ತದೆ. ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ, ಕಾಗದ ಸುಟ್ಟ ಹಾಗೆ. ಪಾಲಿಯೆಸ್ಟರ್ ಕರಗಿ ಗಂಟಾಗುತ್ತದೆ.

ರಾಯಚೂರಿನವರಿಗೆ ಗದ್ವಾಲ್ ಹತ್ತಿರ. ಈಗ ತೆಲಂಗಾಣ, ಆದರೆ ಅದೂ ಕೃಷ್ಣೆ-ತುಂಗಭದ್ರೆ ನಡುವಿನ ನೆಲವೇ. ಗದ್ವಾಲ್‌ನಲ್ಲಿ ಮೈ ಹತ್ತಿ, ಅಂಚು-ಸೆರಗು ರೇಷ್ಮೆ. ಬಿಸಿಲಿನ ಮದುವೆಗೆ ಅದು ಹಗುರ. ದಿನದ ಉಡುವಿಕೆಗೆ, ಎಷ್ಟು ಒಗೆದರೂ ಬಾಳುವುದಕ್ಕೆ ಇಳಕಲ್. ನನ್ನ ಓಟು ಇಳಕಲ್‌ಗೆ. ಅಕ್ಕ ಮಾತ್ರ ಒಪ್ಪುವುದಿಲ್ಲ.

ಸೂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಗೆ ಕ್ಯಾನ್ವಾಸ್ ಹಾಕಿ ಹೊಲಿದದ್ದು ಒಂದು, ಅಂಟಿಸಿದ್ದು ಇನ್ನೊಂದು. ಎದೆಯ ಭಾಗವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದರೆ, ನಡುವೆ ಮೂರನೇ ಪದರ ಬೇರೆಯಾಗಿ ಜಾರಬೇಕು. ಜಾರದಿದ್ದರೆ ಅಂಟಿಸಿದ್ದು. ನಾಲ್ಕಾರು ಡ್ರೈಕ್ಲೀನಿಂಗ್ ಆದಮೇಲೆ ಅಂಟು ಬಿಟ್ಟು ಗುಳ್ಳೆ ಏಳಬಹುದು. ಆದರೆ ನಮ್ಮ ಕಡೆ ಸೂಟ್ ಹಾಕುವುದು ಜೀವಮಾನದಲ್ಲಿ ಎರಡು ಸಲ. ಅಂಟಿಸಿದ್ದೇ ಸಾಕು.

ಕೊನೆಗೆ ನಲವತ್ತು ಸಾವಿರ ಹೋದದ್ದು ಹೀಗೆ

ಶೂಗೆ ಒಂಬತ್ತು ಸಾವಿರ. ಅಂಟಿಸಿದ ಅಟ್ಟೆ ಅಲ್ಲ, ಸುತ್ತ ಹೊಲಿದ ಅಟ್ಟೆ. ಸವೆದರೆ ಬದಲಿಸಬಹುದು. ಅವನು ಬೇಡ ಅಂದ, ನಾನು ಬಿಡಲಿಲ್ಲ. ರಿಸೆಪ್ಷನ್‌ಗೆ ಗಾಢ ನೀಲಿಯ ಬಂದ್‌ಗಲಾ (ಕತ್ತಿನ ತನಕ ಗುಂಡಿ ಹಾಕುವ ಕೋಟು), ಬಟ್ಟೆ-ಹೊಲಿಗೆ ಸೇರಿ ಹನ್ನೆರಡು ಸಾವಿರ. ನಿಶ್ಚಿತಾರ್ಥಕ್ಕೆ ಲಿನನ್ ಅಂಗಿ, ಆಫೀಸಿಗೆ ಮೂರು ಹತ್ತಿ ಅಂಗಿ, ಎರಡು ಪ್ಯಾಂಟು, ಎರಡು ಜೀನ್ಸ್, ಎಲ್ಲಾ ಸೇರಿ ಹದಿಮೂರು. ಉಳಿದ ಆರರಲ್ಲಿ ಐದು ಸಾವಿರ ಅಕ್ಕನ ಸೀರೆಗೆ. ಅಕ್ಕ ಹಟ ಮಾಡಿ ಗದ್ವಾಲೇ ತಗೊಂಡಳು. ಕೊನೆಯ ಸಾವಿರಕ್ಕೆ ಒಂದು ಚರ್ಮದ ಬೆಲ್ಟ್. ಬಕಲ್ ಸಾದಾ. ಅಂಗಡಿಯ ಹುಡುಗ "ಅಕ್ಷರದ್ದು ಬ್ಯಾಡೇನಣ್ಣ, ಇದೇ ರೇಟಿಗೆ ಐತಿ" ಅಂತ ಎರಡು ಸಲ ಕೇಳಿದ.

ಹೊಲಿಸುವವರಿಗೆ ಒಂದು ಮಾತು. ದಸರಾ, ದೀಪಾವಳಿ ಹತ್ತಿರ ಬಂದಮೇಲೆ ಒಳ್ಳೆ ಟೈಲರ್ ಟ್ರಯಲ್ ಕೊಡುವುದಿಲ್ಲ, ಬರೀ ತಾರೀಕು ಕೊಡುತ್ತಾರೆ. ಎರಡು ತಿಂಗಳು ಮುಂಚೆ ಬಟ್ಟೆ ಕೊಡಿ. ಮೊದಲು ಒಂದೇ ಅಂಗಿ ಹೊಲಿಸಿ. ಎರಡು ಸಲ ಒಗೆದು, ಹಾಕಿ ನೋಡಿ, ಆಮೇಲೆ ಉಳಿದದ್ದಕ್ಕೆ ಅಳತೆ ಕೊಡಿ.